ಕೆಳಮನೆಯ ಚಾವಣಿಯ ಒದ್ದೆ ಕಲೆ

ಆ ಜನವರಿಯಲ್ಲಿ ನನ್ನ ಅಂಗಡಿಗೆ ಬಂದವರೆಲ್ಲ ತಮ್ಮ ಮನೆಯ ನೆಲದಡಿಯ ಕೊಳವೆಗಳಿಗೆ ಬಿಸಿನೀರು ಹರಿಸಿ ನೆಲ ಕಾಯಿಸುವ ಬಾಯ್ಲರ್ ಕೆಟ್ಟಿದೆ ಎಂದು ಗೋಳಾಡುತ್ತಿದ್ದರು. ಬಾಯ್ಲರ್ ಚೆನ್ನಾಗಿದೆ ಎಂದು ಗೋಳಾಡಿಕೊಂಡು ಬಂದವಳು ಮಕ್ಸುನ್ ಒಬ್ಬಳೇ.

"ಕೆಟ್ಟಿದ್ರೆ ಕೆಟ್ಟೈತೆ ಅಂತ ಸುಮ್ನಿರ್ತಿದ್ದೆ ಯಜಮಾನ್ರೇ," ಎಂದು ಆಕೆ ತಲೆಗೆ ಸುತ್ತಿದ್ದ ಶಾಲನ್ನೂ ಬಿಚ್ಚದೆ ಗಲ್ಲಾಪೆಟ್ಟಿಗೆಯ ಮೇಲೆ ಕೈ ಕುಟ್ಟಿದಳು. "ಚೆನ್ನಾಗಿರೋ ಬಾಯ್ಲರ್ ಆರಿಸಿ ಮೂರು ದಿನ ಆಯ್ತು. ನನ್ನ ಮಗಳು ಹಸಿ ಬಾಣಂತಿ. ನೆಲ ಮಂಜುಗಡ್ಡೆ ಆಗೈತೆ. ಇವತ್ತು ಮಧ್ಯಾಹ್ನ ಅವಳು ಮಲಗಿರೋ ಕೋಣೆ ನೆಲಾನೇ ಒಡೀತಾರಂತೆ. ಇಲ್ಲೊಬ್ರು ಪತ್ತೇದಾರಿ ಮಾಡೋ ಹೆಂಗಸು ಕೂತ್ಕೊತಾರಂತಲ್ಲ, ಎಲ್ಲವ್ರೆ?"

ಪತ್ತೇದಾರಿ ಮಾಡುವ ಹೆಂಗಸು ಅಂಗಡಿಯ ಹಿಂದೆ, ಒಲೆಯ ಪಕ್ಕದಲ್ಲಿ, ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ತಾಕ್ ಇನ್‌ಸುಕ್ ಬಹಳ ವರ್ಷ ಒಂದು ವಿಮಾ ಕಂಪನಿಗಾಗಿ ಸುಟ್ಟ ಮನೆ, ಸೋರಿದ ಮನೆ, ಸಿಡಿದ ಬಾಯ್ಲರುಗಳ ಕಾರಣ ಹುಡುಕಿದವಳು. ನಿವೃತ್ತಳಾದ ಮೇಲೆ ನನ್ನ ಕಬ್ಬಿಣದ ಸಾಮಾನಿನ ಅಂಗಡಿಯ ಕುರ್ಚಿಯನ್ನೇ ಕಚೇರಿ ಮಾಡಿಕೊಂಡಿದ್ದಳು. ನಾನು ಪ್ಯೋ ದುಸಿಕ್. ಅವಳ ಬಾಲ್ಯದ ಗೆಳತಿಯ ತಮ್ಮ, ಆದ್ದರಿಂದ ಅವಳಿಗೂ ತಮ್ಮ. ಅವಳ ಚೀಲ ಹೊರುವುದು, ಅವಳಿಗಾಗಿ ಕಾರು ಓಡಿಸುವುದು, ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿಯದೆ ಹಲ್ಲು ಕಡಿಯುವುದು ನನ್ನ ಪಾಲಿನ ಕೆಲಸ.

"ಕೂತ್ಕೊಂಡು ಹೇಳಮ್ಮ," ಎಂದಳು ಅಕ್ಕ.

"ಕೂರೋಕೆ ಪುರಸೊತ್ತೆಲ್ಲೈತೆ?" ಎನ್ನುತ್ತಲೇ ಮಕ್ಸುನ್ ಕೂತಳು. "ನಮ್ಮ ಕೆಳಗಿನ ಮನೇಲಿ ಗ್ವಾಕ್ ಮೇಷ್ಟ್ರು ಅಂತ ಅವ್ರೆ, ಗಯಾಗುಮ್ ಅನ್ನೋ ತಂತಿ ವಾದ್ಯ ಮಾಡೋರು. ಅವರ ಕೆಲಸದ ಕೋಣೆ ಚಾವಣಿ ಒದ್ದೆ ಆಗೈತಂತೆ. ಆ ನೀರು ಬಿದ್ದು ಅವರಪ್ಪ ಮಾಡಿಟ್ಟಿದ್ದ ವಾದ್ಯ ಸೀಳೋಯ್ತಂತೆ. ನಾಮ್ ಅಂತ ಒಬ್ಬ ರಿಪೇರಿಯೋನು ಅದೇನೋ ಬಿಸಿ ನೋಡೋ ಕ್ಯಾಮೆರಾ ಹಿಡಿದು, ನಮ್ಮ ನೆಲದ ಕೊಳವೇನೇ ಸೋರ್ತಿರೋದು ಅಂದ್ಬುಟ್ಟ. ಮನೆ ಓನರ್ರು ಸಿಯೋಲ್‌ನಲ್ಲಿ ಬೆಚ್ಚಗೆ ಕೂತ್ಕೊಂಡು ಫೋನಲ್ಲೇ ಅಪ್ಪಣೆ ಕೊಟ್ರು, ನೀರು ಎಲ್ಲಿಂದ ಬರ್ತೈತೆ ಅಂತ ಗೊತ್ತಾಗೋವರೆಗೂ ಬಾಯ್ಲರ್ ಮುಟ್ಟಬೇಡಿ ಅಂತ."

"ಅಲ್ಲೀವರೆಗೂ ಬೇರೆ ಎಲ್ಲಾದ್ರೂ ಹೋಗಿರಬಹುದಿತ್ತಲ್ಲಮ್ಮ?" ಎಂದೆ. ಸುಮ್ಮನಿರಬೇಕಿತ್ತು.

"ಇಪ್ಪತ್ತೊಂದು ದಿನ ತುಂಬದ ಕೂಸನ್ನ ಹೊಸ್ತಿಲು ದಾಟಿಸ್ತಾರಾ? ನಿಮ್ಮನ್ನ ಹೆತ್ತೋರು ದಾಟಿಸಿದ್ರಾ? ಕರೆಂಟಿನ ಚಾಪೆ ಇಲ್ವಾ ಅಂತಾನೂ ಕೇಳ್ಬೇಡಿ. ಐತೆ. ಬೆನ್ನು ಸುಡ್ತದೆ, ಸೊಂಟ ತಣ್ಣಗಿರ್ತದೆ. ಹಸುಗೂಸನ್ನ ಅದರ ಮೇಲೆ ಮಲಗಿಸೋಕೆ ನಂಗೇನು ತಲೆ ಕೆಟ್ಟೈತಾ? ನಾನೇ ಎದೆಗೆ ಕಟ್ಕೊಂಡು ಕೂತ್ಕೊಂಡೇ ತೂಕಡಿಸ್ತೀನಿ. ಅಳಿಯ ಹಿಮದಲ್ಲಿ ಜಾರೋ ಆಟದ ಮೈದಾನದಲ್ಲಿ ರಾತ್ರಿ ಪಾಳಿ ಮಾಡ್ತಾನೆ, ಬಂದ್ರೂ ಹೋದ್ರೂ ಒಂದೇ." ಅಲ್ಲಿಯವರೆಗೆ ಸಿಟ್ಟಿನಲ್ಲೇ ಇದ್ದ ಆಕೆ ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಬೆಳಗ್ಗೆ ಮಗೀನ ಪಾದ ಮುಟ್ಟಿದೆ. ತಣ್ಣಗಿತ್ತು."

ಅಕ್ಕ ಗೆಣಸನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡು ಎದ್ದಳು. "ದುಸಿಕ್, ಒತ್ತಡ ನೋಡೋ ಗೇಜು ತಗೋ. ಕೈಪಂಪು ತಗೋ. ತೇವ ನೋಡೋ ಮುಳ್ಳಿನ ಮೀಟರು ತಗೋ."

"ನನ್ನ ಹೊಸ ಕ್ಯಾಮೆರಾ?"

"ಆ ಆಟದ ಸಾಮಾನು ಯಾಕೋ?"

"ಅಕ್ಕ, ಅದು ಅರ್ಧ ಡಿಗ್ರಿ ವ್ಯತ್ಯಾಸಾನೂ ತೋರ್ಸತ್ತೆ!"

"ತೋರ್ಸತ್ತೆ. ಅದಕ್ಕೇ ಒಂದು ಬಾಣಂತಿ ಚಳೀಲಿ ಮಲಗಿರೋದು."

ಹಟಕ್ಕೆ ಬಿದ್ದು ಅದನ್ನೂ ಚೀಲಕ್ಕೆ ತುರುಕಿದೆ.

ಹಳೆಯ ನಾಲ್ಕಂತಸ್ತಿನ ಕಟ್ಟಡ. ಎರಡನೆಯ ಮಹಡಿಯಲ್ಲಿ ಮಕ್ಸುನ್ ಮಗಳ ಮನೆ. ಬಾಗಿಲಿಗೆ ಮಕ್ಸುನ್ ಹುಲ್ಲಿನ ಹಗ್ಗ ಹೊಸೆದು ಕಟ್ಟಿ, ಇದ್ದಿಲು ಮತ್ತು ಪೈನ್ ಎಲೆ ಸಿಕ್ಕಿಸಿದ್ದಳು. ಒಳಗೆ ಹೆಣ್ಣುಮಗು ಇದೆ, ಹೊರಗಿನವರು ಬರಬಾರದು ಎಂದು ಅದರ ಅರ್ಥ. ನಮ್ಮಿಬ್ಬರ ಕೈ ತೊಳೆಸಿ, ಅಡುಗೆಮನೆಯವರೆಗೆ ಮಾತ್ರ ಬಿಟ್ಟಳು. ಒಳಗೆ ಉಸಿರು ಬಿಟ್ಟರೆ ಹೊಗೆಯಂತೆ ಕಾಣುತ್ತಿತ್ತು. ಮುಚ್ಚಿದ ಬಾಗಿಲಿನ ಹಿಂದೆ ಮಗು ಸಣ್ಣಗೆ ಅಳುತ್ತಿತ್ತು.

ನಾಮ್ ಆಗಲೇ ಬಂದಿದ್ದ. ಮೂವತ್ತರ ಆಸುಪಾಸಿನವನು, ಒಳ್ಳೆಯ ಜಾಕೆಟ್ಟು, ಪಕ್ಕದಲ್ಲಿ ನೆಲ ಒಡೆಯುವ ಯಂತ್ರ.

"ನೋಡಿ ಅಮ್ಮ," ಎಂದು ತನ್ನ ಕ್ಯಾಮೆರಾದಲ್ಲಿದ್ದ ಚಿತ್ರ ತೋರಿಸಿದ. "ಕೆಳಗಡೆ ಚಾವಣಿ. ಈ ನೀಲಿ ಪಟ್ಟಿ ಇದೆಯಲ್ಲ, ಅಷ್ಟೂ ಒದ್ದೆ. ಅದರ ನೇರ ಮೇಲೆ ಬಾಣಂತಿ ಕೋಣೆ. ಇನ್ನೇನು ಬೇಕು?"

"ಒದ್ದೆ ಇರೋದು ತಣ್ಣಗಿರತ್ತೆ, ತಣ್ಣಗಿರೋದು ನೀಲಿ ಕಾಣತ್ತೆ. ಸರಿ. ನೀರು ಯಾವ ಕಡೆಯಿಂದ ಬಂತು ಅಂತ ನೀಲಿ ಬಣ್ಣ ಹೇಳತ್ತೇನಪ್ಪ?"

"ಮೇಲಿಂದ ಅಲ್ದೆ ಇನ್ನೆಲ್ಲಿಂದ ಬರತ್ತೆ?"

"ಕೊಳವೆಗೆ ಒತ್ತಡ ಹಾಕಿ ನೋಡ್ದ್ಯಾ?"

ನಾಮ್ ಜಾಕೆಟ್ಟಿನ ಜಿಪ್ಪು ಎಳೆದುಕೊಂಡ. "ಕ್ಯಾಮೆರಾದಲ್ಲಿ ಕಾಣ್ತಿದ್ದಾಗ ಅದೆಲ್ಲ ಯಾಕೆ ಅಂತ…"

"ಯಾಕಂದ್ರೆ ಇಂಥಾ ಚಳೀಲಿ ಮೂರು ದಿನ ಬಾಯ್ಲರ್ ಆರಿಸಿದ್ರೆ ಇಲ್ಲದ ಸೋರಿಕೇನೂ ಬರತ್ತೆ, ಕೊಳವೆ ಒಡೆದು!" ಅಕ್ಕ ದನಿ ಏರಿಸುವುದು ಅಪರೂಪ. ಒಳಗೆ ಮಗು ಬೆಚ್ಚಿ ಇನ್ನೂ ಜೋರಾಗಿ ಅತ್ತಿತು. ಮಕ್ಸುನ್ ಇಬ್ಬರನ್ನೂ ದುರುಗುಟ್ಟಿಕೊಂಡು ನೋಡಿದಳು.

ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ, ಪ್ರತಿ ಕೋಣೆಗೆ ನೀರು ಹಂಚುವ ಕವಾಟಗಳ ಸಾಲಿತ್ತು. ನಾನು ಮೊಣಕಾಲೂರಿ ಗೇಜು ಜೋಡಿಸಿದೆ. ಬಾಯ್ಲರ್ ಕಡೆಯ ಕವಾಟ ಮುಚ್ಚಿ, ಕೈಪಂಪಿನಿಂದ ಕೊಳವೆಗಳಿಗೆ ಒತ್ತಡ ತುಂಬಿ, ಕಾಯುತ್ತಾ ಕೂತೆವು. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗೇಜಿನ ಮುಳ್ಳು ಇಳಿಯಲೇಬೇಕು. ಅಕ್ಕ ಜೇಬಿನ ಗೆಣಸು ತೆಗೆದು ತಿನ್ನತೊಡಗಿದಳು. ಮಕ್ಸುನ್ ಮುಳ್ಳನ್ನೇ ನೋಡುತ್ತ ಕಣ್ಣು ಮಿಟುಕಿಸುವುದನ್ನೂ ಬಿಟ್ಟಿದ್ದಳು. ಗೆಣಸು ಮುಗಿಯಿತು. ನನ್ನ ಕಾಲು ಜೋಮು ಹಿಡಿಯಿತು. ಮುಳ್ಳು ಇದ್ದಲ್ಲೇ ಇತ್ತು.

"ಹಾಗಾದ್ರೆ ನಲ್ಲಿ ನೀರಿನ ಕೊಳವೆ ಇರಬೇಕು," ಎಂದ ನಾಮ್.

ಎಲ್ಲ ನಲ್ಲಿ ಮುಚ್ಚಿಸಿ ನೀರಿನ ಮೀಟರ್ ನೋಡಿದೆವು. ಅದರ ಪುಟ್ಟ ಚಕ್ರವೂ ಅಲುಗಲಿಲ್ಲ.

"ಹಾಗಾದ್ರೆ ಬಾಯ್ಲರ್ ಹಾಕ್ತೀನಿ," ಎಂದು ಮಕ್ಸುನ್ ಎದ್ದಳು.

ಅಷ್ಟರಲ್ಲಿ ಸದ್ದು ಕೇಳಿ ಮೆಟ್ಟಿಲು ಹತ್ತಿಬಂದಿದ್ದ ಗ್ವಾಕ್ ಮೇಷ್ಟ್ರು ಬಾಗಿಲಾಚೆಯಿಂದಲೇ ಗುಡುಗಿದರು. "ಹಾಕಿದ್ರೆ ನೋಡಿ! ಇಲ್ಲಿ ಸೋರ್ತಿಲ್ಲ, ಅಲ್ಲಿ ಸೋರ್ತಿಲ್ಲ. ನನ್ನ ಚಾವಣಿ ಮಾತ್ರ ಇವತ್ತು ಬೆಳಗ್ಗೇನೂ ತೊಟ್ಟಿಕ್ತಾ ಇತ್ತು. ನಮ್ಮಪ್ಪನ ಕೊನೇ ಕೆಲಸ ಹೋಯ್ತು. ಇನ್ನು ಮಿಕ್ಕಿದ್ದೂ ಹೋಗ್ಲಿ ಅಂತೀರಾ? ನೀರು ಎಲ್ಲಿಂದ ಬಂತು ಅಂತ ತೋರಿಸಿ, ಆಮೇಲೆ ಹಾಕಿ."

"ಇವತ್ತು ಬೆಳಗ್ಗೇನೂ ತೊಟ್ಟಿಕ್ತಿತ್ತಾ?" ಅಕ್ಕ ತಲೆಯೆತ್ತಿದಳು. "ಮೇಲೆ ಎಲ್ಲ ಆರಿಸಿ ಮೂರು ದಿನ ಆದ ಮೇಲೂ?"

"ಮೊನ್ನೆಗಿಂತ ಜಾಸ್ತೀನೇ."

"ತೋರಿಸಿ ನಡೀರಿ," ಎಂದಳು ಅಕ್ಕ. ಅವಳ ಮುಖದ ಮೇಲೆ ನನಗೆ ಸಿಟ್ಟು ತರಿಸುವ ಆ ಶಾಂತಿ ಬಂದಿತ್ತು.

ಕೆಳಗೆ ಮೇಷ್ಟ್ರ ಹೆಂಡತಿ ಮಿಹ್ವಾ ಬಾಗಿಲು ತೆರೆದಳು. ಕೈಯಲ್ಲಿ ಬಾಚಣಿಗೆ ಇತ್ತು. "ಅತ್ತೆಗೆ ತಲೆ ಬಾಚ್ತಿದ್ದೆ. ಅವರಿಗೆ ಭುಜ ಎತ್ತೋಕಾಗಲ್ಲ," ಎಂದಳು. ನಲವತ್ತೈದರ ಹೆಂಗಸು, ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೂತ್ಕೊಳ್ಳಿ ಎನ್ನುವುದಕ್ಕೂ ಮೊದಲೇ ಬಾರ್ಲಿ ಚಹಾ ತಂದು ಇಟ್ಟಳು.

ಕೆಲಸದ ಕೋಣೆಯಲ್ಲಿ ಹೊರಗಿನಷ್ಟೇ ಚಳಿ. ಮರಕ್ಕೆ ನೆಲದ ಬಿಸಿ ಆಗದು ಎಂದು ಆ ಕೋಣೆಯ ಕವಾಟವನ್ನು ತಾವು ಯಾವತ್ತೂ ತೆರೆದವರಲ್ಲ ಎಂದರು ಮೇಷ್ಟ್ರು. ಹೋಗಿ ನೋಡಿದೆ, ಕವಾಟದ ಹಿಡಿಯ ಮೇಲೆ ದಪ್ಪಗೆ ಧೂಳು ಕೂತಿತ್ತು. ಚಾವಣಿಯ ಕಾಂಕ್ರೀಟಿಗೆ ನೇರವಾಗಿ ಅಂಟಿಸಿದ ಬಿಳಿ ಕಾಗದದ ಮೇಲೆ ಚಾಪೆಯಷ್ಟು ಅಗಲದ ಒದ್ದೆ ಕಲೆ. ಕೆಳಗೆ, ಎತ್ತರದ ಬೀರುವಿನ ಪಕ್ಕದ ಮಣೆಯ ಮೇಲೆ, ಬಟ್ಟೆ ಹೊದಿಸಿದ ವಾದ್ಯ.

ಅಕ್ಕ ಬಟ್ಟೆ ಸರಿಸಿದಳು. ಮೇಲಿನ ಹಲಗೆ ಒಂದು ತುದಿಯಿಂದ ನಡುವಿನವರೆಗೆ ಬಾಯಿ ತೆರೆದಿತ್ತು. ಅವಳು ತನ್ನ ಬಸ್ ಕಾರ್ಡನ್ನು ಆ ಬಿರುಕಿಗೆ ಇಳಿಸಿದಳು. ಅದು ಸಲೀಸಾಗಿ ಒಳಗೆ ಹೋಯಿತು.

"ಇದನ್ನ ಕೈಗೆತ್ತಿಕೊಂಡು ನೋಡಿದೀರಾ ಮೇಷ್ಟ್ರೇ?"

"ಇಲ್ಲ." ಅವರು ಗೋಡೆಯ ಕಡೆ ತಿರುಗಿದರು. "ಹಿಂದಿನ ದಿನ ಸಂಜೆ ಅಪ್ಪನ ತಿಥಿ ಮಾಡಿ, ನಾಲ್ಕು ಲೋಟ ಕುಡಿದು ಮಲಗಿದ್ದೆ. ಬೆಳಗ್ಗೆ ಇವಳು ಕಿರುಚಿದಾಗ ಬಂದು ನೋಡಿದೆ. ಮೇಲೆ ನೀರು ನಿಂತಿತ್ತು, ಸೀಳಿತ್ತು. ಬಟ್ಟೆ ಹೊದಿಸಿದೆ. ಮುಟ್ಟೋಕೆ ಕೈ ಬರಲಿಲ್ಲ."

ಅಕ್ಕ ಸ್ಟೂಲು ಹತ್ತಿ, ಬೀರುವಿನ ತಲೆಯ ಮೇಲೆ ಕಣ್ಣಾಡಿಸಿ ನನ್ನನ್ನು ಕರೆದಳು. ಅಲ್ಲಿ ಮರದ ಪುಡಿ ಧೂಳಾಗಿ ಕೂತಿತ್ತು. ಅದರ ತುಂಬ ಸಾಸಿವೆಯಷ್ಟು ಸಣ್ಣ ನೀರಿನ ಗುರುತು, ಗೋಡೆಯವರೆಗೂ ಒಂದೇ ಸಮ ಹರಡಿತ್ತು. ಆಮೇಲೆ ಮುಳ್ಳಿನ ಮೀಟರನ್ನು ಚಾವಣಿಯ ಕಾಗದಕ್ಕೆ ಚುಚ್ಚಿದಳು. ಅದು ಒದ್ದೆ ಎಂದು ಕಿರಿಚಿತು. ಕಾಗದದ ಒಂದು ಅಂಚನ್ನು ಎಬ್ಬಿಸಿ, ಅದರ ಹಿಂದಿನ ಕಾಂಕ್ರೀಟಿಗೆ ಒತ್ತಿ ಹಿಡಿದಳು. ಮೀಟರ್ ಸುಮ್ಮನಿತ್ತು.

"ಕೆಟ್ಟೋಗಿರಬೇಕು," ಎಂದೆ.

"ನಿನ್ನ ತಲೆ," ಎಂದಳು ಅಕ್ಕ. "ಮೇಷ್ಟ್ರೇ, ಆ ನೀರು ಸಿಂಪಡಿಸೋ ಡಬ್ಬ ನಿಮ್ಮದಾ?"

ಬಾಗಿಲ ಪಕ್ಕದ ಮೊಳೆಗೆ ಒತ್ತಿ ಸಿಂಪಡಿಸುವ ಡಬ್ಬವೊಂದು ನೇತಾಡುತ್ತಿತ್ತು. "ನಂದೇ. ಮರ ಹದ ಮಾಡೋಕೆ. ಆದ್ರೆ ಅವತ್ತಿಂದ ನಾನು ಕೆಲಸಕ್ಕೆ ಕೂತಿಲ್ಲ."

ಅಕ್ಕ ಅದರ ಮೂತಿಯನ್ನು ಬೆರಳಿನಿಂದ ಮುಟ್ಟಿ, ಒದ್ದೆಯಾದ ಬೆರಳನ್ನು ಕೋಟಿಗೆ ಒರೆಸಿಕೊಂಡಳು. ಇಂಥ ಹೊತ್ತಿನಲ್ಲಿ ಅವಳು ಏನೂ ಹೇಳದಿರುವುದು ನನಗೆ ಎಷ್ಟು ಸಿಟ್ಟು ತರಿಸುತ್ತದೆಂದು ಬರೆದು ಮುಗಿಯದು. ಮೇಲೆ ಮಗು ಅಳುತ್ತಿದೆ, ಇವಳು ಬೆರಳು ಒರೆಸಿಕೊಳ್ಳುತ್ತಾಳೆ!

"ನಿಮ್ಮ ತಾಯೀನ ಮಾತಾಡಿಸಬಹುದಾ?"

"ಅತ್ತೆಗೆ ಸುಸ್ತು," ಎಂದು ಮಿಹ್ವಾ ಅಡ್ಡ ಬಂದಳು. ಅಷ್ಟರಲ್ಲಿ ಒಳಗಿನಿಂದಲೇ, "ಯಾರಮ್ಮ ಬಂದಿರೋದು? ಒಳಗೆ ಕಳಿಸು," ಎಂಬ ದನಿ ಬಂತು.

ಅಜ್ಜಿಯ ಕೋಣೆಗೆ ಕಾಲಿಟ್ಟಾಗ ಪಾದಕ್ಕೆ ಜೀವ ಬಂತು. ಬಾಗಿಲ ಹತ್ತಿರದ ಮೂಲೆ, ಬಿಸಿನೀರಿನ ಕೊಳವೆ ಮೊದಲು ಒಳಬರುವ ಜಾಗ, ಸುಡುವಷ್ಟು ಬೆಚ್ಚಗಿತ್ತು. ಯಾವ ಮನೆಯಲ್ಲಾದರೂ ಅದು ಹಿರಿಯರ ಜಾಗ. ಆದರೆ ಅಜ್ಜಿಯ ಹಾಸಿಗೆ ಎದುರು ಮೂಲೆಯಲ್ಲಿ, ಕಿಟಕಿಯ ಕೆಳಗಿತ್ತು. ಬಿಸಿ ಜಾಗದಲ್ಲಿ ಉದ್ದಕ್ಕೆ ಹಾಸಿದ ಹತ್ತಿಯ ರಜಾಯಿ ಮಾತ್ರ ಇತ್ತು.

"ದುಸಿಕ್, ನಿನ್ನ ಆಟದ ಸಾಮಾನು ತೆಗಿ."

ನನಗೆ ನಂಬಲಾಗಲಿಲ್ಲ. ಕ್ಯಾಮೆರಾ ಹಿಡಿದೆ. ರಜಾಯಿ ಇದ್ದ ಮೂಲೆ ಕೆಂಡದಂತೆ ಕಂಡಿತು. ಅಜ್ಜಿ ಕೂತಿದ್ದ ಕಡೆ ಮಂಕು ಹಸಿರು.

"ಅಲ್ಲಿ ಚಳಿ ಆಗಲ್ವಾ ಅಜ್ಜಿ?"

"ನನಗೆ ಇಷ್ಟು ಸಾಕಮ್ಮ."

ಅಕ್ಕ ರಜಾಯಿಯ ಅಂಚಿಗೆ ಕೈ ಹಾಕಿದಳು. ಅದರಡಿ ಮುಚ್ಚಳವಿದ್ದ ಹಿತ್ತಾಳೆಯ ಅನ್ನದ ಬಟ್ಟಲಿತ್ತು. "ತೆಗೀಬೇಡಮ್ಮ, ಅನ್ನ ಆರೋಗತ್ತೆ," ಎಂದರು ಅಜ್ಜಿ. ತಡವಾಗಿ ಮನೆಗೆ ಬರುವವರಿಗೆ ಹಾಗೆ ಅನ್ನ ಎತ್ತಿಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಗನಿಗೆ ಇರಬೇಕು ಎಂದುಕೊಂಡೆ. ಮಗ ಆಗಲೇ ಉಂಡು ಪಕ್ಕದ ಕೋಣೆಯಲ್ಲೇ ಇದ್ದಾನೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅಕ್ಕ ರಜಾಯಿಯನ್ನು ಮೊದಲಿನಂತೆ ಮುಚ್ಚಿದಳು. ಅದರ ಹೊಲಿಗೆಗೆ ಸಿಕ್ಕಿಕೊಂಡಿದ್ದ ನೀಲಿ ನೂಲಿನ ಎಳೆಯೊಂದನ್ನು ಬಿಡಿಸಿಕೊಂಡಳು.

"ಮೇಲೆ ಮಗು ಯಾಕಮ್ಮ ಹಾಗಳತ್ತೆ?" ಎಂದು ಅಜ್ಜಿ ಕೇಳಿದರು. "ಮೂರು ದಿನದಿಂದ ಕೇಳ್ತಿದೀನಿ, ಯಾರೂ ಹೇಳಲ್ಲ."

ಅಕ್ಕ ಎದ್ದಳು. ಹೊರಗೆ ಬಂದು, ಎಲ್ಲರನ್ನೂ ಕೆಲಸದ ಕೋಣೆಗೆ ಕರೆಸು ಎಂದಳು.

ಮೇಷ್ಟ್ರು, ಮಿಹ್ವಾ, ನಾಮ್, ಮೇಲಿಂದ ಮಕ್ಸುನ್. ಮಕ್ಸುನ್ ಬರುವಾಗಲೇ, "ಬೇಗ ಹೇಳಿ, ಮಗಳು ಒಬ್ಬಳೇ ಅವಳೆ," ಎಂದಳು. ಅಕ್ಕ ಅಜ್ಜಿಯ ಕೋಣೆಯ ಕಡೆಯ ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿದಳು.

"ಮೇಲಿನ ಮನೇಲಿ ಸೋರಿಕೆ ಇಲ್ಲ. ಗೇಜು ಹೇಳ್ತು, ನೀರಿನ ಮೀಟರು ಹೇಳ್ತು. ಮೇಲಿಂದ ಬಂದ ನೀರಾದ್ರೆ ಮೊದಲು ಕಾಂಕ್ರೀಟ್ ನೆನೀಬೇಕು, ಆಮೇಲೆ ಕಾಗದ. ಇಲ್ಲಿ ಕಾಗದ ಒದ್ದೆ, ಕಾಂಕ್ರೀಟು ಒಣ. ಅಂದ್ರೆ ನೀರು ಕೆಳಗಿಂದ ಮೇಲಕ್ಕೆ ಹೋಗಿದೆ."

"ನೀರು ಮೇಲಕ್ಕೆ ಹೋಗತ್ತಾ?" ಎಂದ ನಾಮ್.

"ಡಬ್ಬದಿಂದ ಸಿಂಪಡಿಸಿದ್ರೆ ಹೋಗತ್ತಪ್ಪ. ಸೋರೋ ನೀರು ಒಂದೇ ಜಾಗದಲ್ಲಿ ತೊಟ್ಟಿಕ್ಕತ್ತೆ. ಬೀರು ಮೇಲೆ ನೋಡು, ಎಲ್ಲ ಕಡೆ ತುಂತುರು ಬಿದ್ದಿದೆ. ಮೇಷ್ಟ್ರು ಮೂರು ದಿನದಿಂದ ಕೆಲಸ ಮಾಡಿಲ್ಲ, ಡಬ್ಬದ ಮೂತಿ ಮಾತ್ರ ಇವತ್ತೂ ಒದ್ದೆ. ಕಲೆ ಒಣಗಿದ್ರೆ ಜನಕ್ಕೆ ಅನುಮಾನ ಬರತ್ತೆ ಅಂತ ಯಾರೋ ದಿನಾ ಬೆಳಗ್ಗೆ ನೆನೆಸ್ತಿದಾರೆ."

ಮೇಷ್ಟ್ರ ಮುಖ ಕೆಂಪಾಯಿತು. "ನಾನೇ ನಮ್ಮಪ್ಪನ ವಾದ್ಯದ ಮೇಲೆ ನೀರು ಚೆಲ್ಲಿದೆ ಅಂತೀರಾ?"

"ನೀವಲ್ಲ. ನೀವು ಅದನ್ನ ಮುಟ್ಟೇ ಇಲ್ಲ. ಮುಟ್ಟಿದ್ರೆ ನನಗಿಂತ ಮೊದಲು ನಿಮಗೇ ಗೊತ್ತಾಗ್ತಿತ್ತು. ನೆನೆದ ಹಲಗೆ ಏನಾಗತ್ತೆ ಮೇಷ್ಟ್ರೇ?"

"ಉಬ್ಬತ್ತೆ," ಎಂದರು ಅವರು. ನಿಧಾನವಾಗಿ ಬಟ್ಟೆ ಸರಿಸಿ, ಮೂರು ದಿನದಲ್ಲಿ ಮೊದಲ ಬಾರಿಗೆ, ಬಿರುಕಿನ ಮೇಲೆ ಬೆರಳಾಡಿಸಿದರು. "ಇದು ಒಣಗಿ ಸೀಳಿರೋದು. ಬಿಸಿಗೆ ಒಣಗಿ… ಕೆಳಗಿನ ಅಂಟೂ ಕರಗಿದೆ. ಆದ್ರೆ ಈ ಕೋಣೇಲಿ ಬಿಸೀನೇ ಇಲ್ಲ!"

"ಈ ಕೋಣೇಲಿಲ್ಲ," ಎಂದಳು ಅಕ್ಕ. ತಂತಿಗಳನ್ನು ಬಿಗಿಯುವ ನೀಲಿ ನೂಲಿನ ಕುಚ್ಚಿನ ಪಕ್ಕದಲ್ಲಿ ತನ್ನ ಕೈಲಿದ್ದ ಎಳೆಯನ್ನು ಇಟ್ಟಳು. ಒಂದೇ ಬಣ್ಣ. "ಇದು ಪಕ್ಕದ ಕೋಣೆ ರಜಾಯಿಗೆ ಸಿಕ್ಕಿತ್ತು. ತಿಥಿ ದಿನ ರಾತ್ರಿ ವಾದ್ಯ ಬಿಸಿ ಜಾಗದಲ್ಲಿ ರಜಾಯಿ ಹೊದ್ದು ಮಲಗಿತ್ತು. ಅದನ್ನ ಇಲ್ಲಿಗೆ ತಂದು, ಅದರ ಮೇಲೂ ಚಾವಣಿ ಮೇಲೂ ನೀರು ಸಿಂಪಡಿಸಿದೋರು ಬೆಳಗ್ಗೆ ಮೊದಲು ಎದ್ದೋರು, ಕೈ ಮೇಲಕ್ಕೆ ಎತ್ತಕ್ಕಾಗೋರು. ಈ ಮನೇಲಿ ಇರೋರು ಮೂರು ಜನ. ಒಬ್ರು ಕುಡಿದು ಮಲಗಿದ್ರು. ಇನ್ನೊಬ್ರಿಗೆ ತಮ್ಮ ತಲೆ ಬಾಚ್ಕೊಳ್ಳೋಕೂ ಕೈ ಏಳಲ್ಲ."

ಎಲ್ಲರೂ ನೆಲದ ಮೇಲೆ ಕೂತಿದ್ದ ಮಿಹ್ವಾಳ ಕಡೆ ತಿರುಗಿದರು. ಮಕ್ಸುನ್ ಅವಳ ಮೇಲೆ ಏರಿಹೋದಳು. "ನೀನಾ? ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ ಮಗು ಹೇಗಿದೆ ಅಂತ ಕೇಳ್ತಿದ್ದೋಳು ನೀನಾ? ಹೆಣ್ಣಾ ನೀನು?"

"ಬಾಯ್ಲರ್ ಆರಿಸ್ತಾರೆ ಅಂತ ನಂಗೆ ಗೊತ್ತಿರಲಿಲ್ಲಮ್ಮ!" ಮಿಹ್ವಾ ಮುಖ ಮುಚ್ಚಿಕೊಂಡಳು. "ಒಂದು ಕಲೆ ತೋರಿಸಿದ್ರೆ ಇವರು ಎರಡು ದಿನ ಕೂಗಾಡಿ ಸುಮ್ನಾಗ್ತಾರೆ ಅನ್ಕೊಂಡೆ. ಇವರು ಓನರ್‌ಗೆ ಫೋನ್ ಮಾಡಿದ್ರು, ಇವನು ಕ್ಯಾಮೆರಾ ತಂದ, ಒಂದರ ಮೇಲೊಂದು… ಹೇಗೆ ಬಾಯಿ ಬಿಡ್ಲಿ? ಬಿಟ್ರೆ ಅತ್ತೆಗೆ ಗೊತ್ತಾಗತ್ತೆ. ಮಾವ ಕೊನೇದಾಗಿ ಮಾಡಿದ್ದು ತನ್ನ ಕೈಯಿಂದಾನೇ ಹೋಯ್ತು ಅಂತ ಗೊತ್ತಾದ್ರೆ ಅವರು ಉಳೀತಾರಾ?"

"ಉಳೀದೆ ಏನು?"

ಮುಚ್ಚಿಸಿದ್ದ ಬಾಗಿಲು ತೆರೆದಿತ್ತು. ಅಜ್ಜಿ ಚೌಕಟ್ಟು ಹಿಡಿದು ನಿಂತಿದ್ದರು.

"ರಾತ್ರಿ ಟಕ್ ಅಂತ ಸದ್ದಾಯ್ತು," ಎಂದರು ಅಜ್ಜಿ. "ಅವರೇ ಬಂದ್ರು ಅನ್ಕೊಂಡೆ. ಬೆಳಗ್ಗೆ ಇವಳ ಮುಖ ನೋಡ್ದಾಗ ತಿಳೀತು. ನನ್ನ ಸೊಸೆಗೆ ಸುಳ್ಳು ಹೇಳೋಕೆ ಬರಲ್ಲ."

"ಅಮ್ಮ, ಮರಾನ ಬಿಸಿ ನೆಲದ ಮೇಲೆ ಇಡಬಾರದು ಅಂತ ನಿನಗೆ ಗೊತ್ತಿಲ್ವಾ? ಅಪ್ಪನ ಜೊತೆ ಅಷ್ಟು ವರ್ಷ ಬಾಳಿದೋಳು!" ಮೇಷ್ಟ್ರ ದನಿ ಒಡೆದಿತ್ತು.

"ಗೊತ್ತು. ಮರ ಅಂತ ಇಡಲಿಲ್ಲ ಕಣೋ, ನಿಮ್ಮಪ್ಪ ಅಂತ ಮಲಗಿಸಿದೆ. ತಿಥಿ ರಾತ್ರಿ ಅಂಥಾ ಚಳೀಲಿ ನಡ್ಕೊಂಡು ಬರ್ತಾರೆ, ಬಂದ ಮೇಲೆ ಈ ಐಸಿನಂಥ ಕೋಣೇಲಿ ಮಲಗಿಸ್ಲಾ? ನನ್ನ ಜಾಗ ಬಿಟ್ಕೊಟ್ಟೆ. ಅನ್ನ ಮುಚ್ಚಿಟ್ಟೆ." ಅಜ್ಜಿ ಮಗನ ಕಡೆ ನೋಡಲಿಲ್ಲ, ಸೊಸೆಯ ಕಡೆ ತಿರುಗಿದರು. ಆಗ ಅವರ ದನಿ ಗಟ್ಟಿಯಾಯಿತು. "ನನಗೆ ನೋವಾಗತ್ತೆ ಅಂತ ಹಸುಗೂಸನ್ನ ಚಳಿಗೆ ಹಾಕಿದ್ಯಾ? ಮಗು ಯಾಕೆ ಅಳತ್ತೆ ಅಂತ ಎಷ್ಟು ಸಲ ಕೇಳ್ದೆ ನಿನ್ನ! ಹೊಟ್ಟೆನೋವು ಅಂದ್ಯಲ್ಲೇ!"

ಮಿಹ್ವಾ ಬಿಕ್ಕಿದಳು. ಅಜ್ಜಿ ಇನ್ನೂ ಬೈಯುತ್ತಾರೆ ಎಂದುಕೊಂಡೆವು. ಅವರು ಗೋಡೆ ಹಿಡಿದು ಎರಡು ಹೆಜ್ಜೆ ಬಂದು, ಏಳದ ಕೈಯನ್ನು ಎಷ್ಟಾಗುತ್ತದೋ ಅಷ್ಟು ಎತ್ತಿ ಸೊಸೆಯ ತಲೆಯ ಮೇಲಿಟ್ಟರು.

"ನಾಮ್!" ಎಂದಳು ಅಕ್ಕ. "ನಿಂತ್ಕೊಂಡು ಏನ್ ನೋಡ್ತಿದೀಯ? ಹೋಗಿ ಬಾಯ್ಲರ್ ಹಾಕು. ಆ ಒಡೆಯೋ ಯಂತ್ರಾನ ಮೊದಲು ಕಾರಿಗೆ ಹಾಕು. ಓನರ್‌ಗೆ ಫೋನು ನೀನೇ ಮಾಡು."

ನಾಮ್ ಮೆಟ್ಟಿಲುಗಳನ್ನು ಹಾರಿಕೊಂಡು ಹೋದ. ಆದರೆ ಮಕ್ಸುನ್ ಅಲುಗಲಿಲ್ಲ. "ಈಗ ಹಾಕಿದ್ರೆ ನೆಲ ಕಾಯೋದು ಯಾವಾಗ? ಮೂರು ದಿನದ ತಣ್ಣೀರು ಬಿಸಿ ಆಗ್ಬೇಕು, ಕಲ್ಲಿನಂಥ ನೆಲ ಬಿಸಿ ಆಗ್ಬೇಕು. ಕತ್ತಲಾಯ್ತದೆ." ಅದು ನಿಜವೇ ಆಗಿತ್ತು. ಕಳ್ಳ ಸಿಕ್ಕಿಬಿದ್ದ ಮೇಲೂ ಮಗುವಿನ ಪಾದ ತಣ್ಣಗೇ ಇತ್ತು.

"ಇಲ್ಲಿ ಬಿಸಿ ಇದೆಯಲ್ಲ," ಎಂದರು ಅಜ್ಜಿ. "ಅವರು ಬಂದು ಹೋಗಿ ಆಯ್ತು. ಜಾಗ ಖಾಲಿ ಇದೆ. ಬಾಣಂತಿನೂ ಮಗೂನೂ ಕರ್ಕೊಂಡು ಬಾರಮ್ಮ."

"ಇಪ್ಪತ್ತೊಂದು ದಿನ ಆಗದೆ ಹೊಸ್ತಿಲು ದಾಟಿಸಲ್ಲ ಅಜ್ಜಿ."

"ಯಾವ ಹೊಸ್ತಿಲು? ನಮ್ಮ ಕಾಲದಲ್ಲಿ ಬೀದಿ ಬಾಗಿಲಿಗೆ ಹಗ್ಗ ಕಟ್ತಿದ್ರು. ಒಳಗೆ ಎಷ್ಟು ಕೋಣೆ ಇದ್ರೂ ಅದು ಒಂದೇ ಮನೆ. ಹೋಗಿ ಹಗ್ಗ ಬಿಚ್ಚಿ ಕೆಳಗಡೆ ಬಾಗಿಲಿಗೆ ಕಟ್ಟು."

ಮಕ್ಸುನ್ ಮೇಲೆ ಹೋಗಿ ಹಗ್ಗ ಬಿಚ್ಚಿ ತಂದಳು. ಮೇಷ್ಟ್ರೇ ಅದನ್ನು ಇಸಿದುಕೊಂಡು, ತಂತಿ ಕಟ್ಟುವ ಕೈಯಿಂದ ಇಡೀ ಕಟ್ಟಡದ ಬೀದಿ ಬಾಗಿಲಿಗೆ ಬಿಗಿದರು. ಮಿಹ್ವಾ ರಜಾಯಿ ಕೊಡವಿ ಹೊಸದಾಗಿ ಹಾಸಿದಳು. ಮಕ್ಸುನ್ ಆಗಲೂ ಅವಳ ಮುಖ ನೋಡಲಿಲ್ಲ, ಆದರೆ ರಜಾಯಿಯ ಇನ್ನೊಂದು ತುದಿ ಹಿಡಿದು ಎಳೆದಳು.

ಬಾಣಂತಿ ತಲೆತುಂಬ ಶಾಲು ಹೊದ್ದು ಇಳಿದುಬಂದಳು. ಮಗು ಮಕ್ಸುನ್ ಎದೆಯಲ್ಲಿ ಗಂಟಾಗಿತ್ತು. ಕೋಣೆಯ ಬಾಗಿಲು ಅರೆ ತೆರೆದಿತ್ತು. ಅಜ್ಜಿ ರಜಾಯಿಯಡಿಯ ಹಿತ್ತಾಳೆ ಬಟ್ಟಲು ತೆಗೆದು, ಮುಚ್ಚಳ ಬಿಚ್ಚಿ, ಬಾಣಂತಿಯ ಮುಂದಿಟ್ಟರು. "ತಿನ್ನು. ಇನ್ನೂ ಬಿಸಿ ಇದೆ. ದಿನಾ ಹೊಸದು ಹಾಕಿಡ್ತೀನಿ," ಎಂದರು. ಆ ಹುಡುಗಿ ಒಂದು ತುತ್ತು ತಿಂದು ಅಳತೊಡಗಿದಳು. ರಜಾಯಿಯ ಮೇಲೆ ಮಲಗಿಸಿದ್ದ ಮಗು ಮಾತ್ರ ಮೂರು ದಿನದಲ್ಲಿ ಮೊದಲ ಬಾರಿಗೆ ಸುಮ್ಮನಾಗಿತ್ತು.

ಹಜಾರದಲ್ಲಿ ನಿಂತಿದ್ದ ನಾನು ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿ ಆ ಬಾಗಿಲಿನ ಕಡೆ ಹಿಡಿದೆ. ನೆಲ ಕೆಂಪಾಗಿತ್ತು, ಅದರ ಮೇಲೆ ಒಂದು ಪುಟ್ಟ ಕೆಂಪು ಗಂಟು, ಪಾದದ ತುದಿಯವರೆಗೂ.

"ಅಕ್ಕ, ಇಲ್ಲಿ ನೋಡು," ಎಂದೆ.

ಅಕ್ಕ ಚೀಲದ ಜಿಪ್ಪು ಎಳೆದು ನನ್ನ ಕಡೆ ನೂಕಿದಳು. "ಅದು ಬೆಚ್ಚಗಿದೆ ಅಂತ ತಿಳ್ಕೊಳ್ಳೋಕೂ ನಿನಗೆ ಕ್ಯಾಮೆರಾ ಬೇಕೇನೋ?" ಎಂದು ಬೈದಳು. ಬೈಯುವಾಗಲೂ ತೆರೆ ಮೇಲಿಂದ ಕಣ್ಣು ತೆಗೆಯಲಿಲ್ಲ.